ಶುರುವಿಗೆ ತಾರೀಕಿತ್ತು, ಮುಗಿದದ್ದಕ್ಕಿಲ್ಲ

ಪ್ರಶ್ನೆ: ನನಗೆ 43 ವರ್ಷ. 2021ರಲ್ಲಿ ಕೋವಿಡ್‌ನಿಂದ ಅಪ್ಪ ತೀರಿಕೊಂಡರು. ಮನೆಯಲ್ಲಿ ಮೊದಲು ಜ್ವರ ಬಂದದ್ದು ನನಗೆ. ಆಮೇಲೆ ಅವರಿಗೆ. ನಾನು ಹುಷಾರಾದೆ, ಅವರು ಆಗಲಿಲ್ಲ. ಆಸ್ಪತ್ರೆಗೆ ಸೇರಿಸಿದ ಮೇಲೆ ಮುಖ ನೋಡಲು ಬಿಡಲಿಲ್ಲ. ಕೊನೆಯ ಸಲ ಮಾತಾಡಿದ್ದು ವೀಡಿಯೊ ಕಾಲ್‌ನಲ್ಲಿ, ಅದೂ ಅರ್ಧಕ್ಕೆ ಕಟ್ ಆಯಿತು. ಈಗ ಎಲ್ಲರೂ ಅದನ್ನೆಲ್ಲ ಮರೆತು ಆರಾಮಾಗಿದ್ದಾರೆ. ನನಗೆ ಮಾತ್ರ ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ ಎದೆ ಹೊಡೆದುಕೊಳ್ಳುತ್ತದೆ. ಹೊರಗಿಂದ ಬಂದರೆ ಮೂರು ಮೂರು ಸಲ ಕೈ ತೊಳೆಯುತ್ತೇನೆ. ಆಗ ಮನೆಗೆ ಬಂದ ಆಫೀಸ್ ಕೆಲಸ ಇವತ್ತಿಗೂ ಮನೆಯಲ್ಲೇ ಇದೆ. ಯಾವುದರಲ್ಲೂ ಆಸಕ್ತಿಯಿಲ್ಲ, ಹಾಗಂತ ಅಳುವಷ್ಟು ದುಃಖವೂ ಇಲ್ಲ. ಮಾತಿನ ಮಧ್ಯೆ ಪದ ಮರೆತುಹೋಗುತ್ತದೆ. ಆಗ 11 ವರ್ಷದವಳಿದ್ದ ಮಗಳು ಈಗ ಕೋಣೆ ಬಾಗಿಲು ಹಾಕಿಕೊಂಡರೆ ತೆಗೆಯುವುದು ಊಟಕ್ಕೆ ಮಾತ್ರ. ಇದು ಕಾಯಿಲೆಯಾ, ಇಲ್ಲಾ ನನ್ನ ಮನಸ್ಸೇ ವೀಕಾ? (ಇನ್ನೊಂದು ವಿಷಯ. ಅಪ್ಪನ ಫೋನನ್ನು ಈಗಲೂ ದಿನಾ ರಾತ್ರಿ ಚಾರ್ಜಿಗೆ ಹಾಕುತ್ತೇನೆ. ಹೆಂಡತಿ ಬಿಟ್ಟುಬಿಡಿ ಎನ್ನುತ್ತಾಳೆ. ಬಿಡಬೇಕಾ?)

ಉತ್ತರ: ಎಲ್ಲರೂ ಮರೆತು ಆರಾಮಾಗಿದ್ದಾರೆ ಎಂದು ಬರೆದಿದ್ದೀರಿ. ನನ್ನ ಎದುರು ಬಂದು ಕೂರುವವರನ್ನು ನೋಡಿದರೆ ನನಗೆ ಹಾಗನ್ನಿಸುವುದಿಲ್ಲ. ಯಾರೂ ಮರೆತಿಲ್ಲ. ಮಾತಾಡುವುದನ್ನು ಬಿಟ್ಟಿದ್ದಾರೆ, ಅಷ್ಟೇ. ನಿದ್ದೆ ಬರಲ್ಲ ಎಂದು ಬಂದವರು, ಕೋಪ ಜಾಸ್ತಿಯಾಗಿದೆ ಎಂದು ಬಂದವರು ಅರ್ಧ ಗಂಟೆ ಬೇರೇನೋ ಹೇಳುತ್ತಾರೆ. ಎದ್ದು ಹೊರಡುವಾಗ, ಬಾಗಿಲ ಹಿಡಿ ಮೇಲೆ ಕೈಯಿಟ್ಟು, "ಅದೆಲ್ಲ ಕೋವಿಡ್ ಟೈಮಲ್ಲಿ ಶುರುವಾಯ್ತು ಡಾಕ್ಟ್ರೇ" ಎನ್ನುತ್ತಾರೆ. ನಿಮ್ಮ ಪತ್ರದಲ್ಲೂ ಹಾಗೇ ಆಗಿದೆ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಕಟ್ಟಕಡೆಗೆ, ಕಂಸದೊಳಗೆ ಹಾಕಿದ್ದೀರಿ. ಫೋನಿನ ವಿಷಯಕ್ಕೆ ನಾನೂ ಕೊನೆಗೇ ಬರುತ್ತೇನೆ.

ನಾನು ಕೆಲವರಿಗೆ ಒಂದು ಪ್ರಶ್ನೆ ಕೇಳುವುದುಂಟು. ಲಾಕ್‌ಡೌನ್ ಶುರುವಾದ ದಿನ ಎಲ್ಲಿದ್ರಿ? ತಡವರಿಸದೆ ಹೇಳುತ್ತಾರೆ. ಯಾವ ಕೋಣೆಯಲ್ಲಿ ಕೂತು ಸುದ್ದಿ ನೋಡಿದೆ, ಪಕ್ಕದಲ್ಲಿ ಯಾರಿದ್ದರು, ಮೊದಲು ಯಾರಿಗೆ ಫೋನ್ ಮಾಡಿದೆ, ಎಲ್ಲಾ. ಸರಿ, ಇದೆಲ್ಲ ಮುಗಿದ ದಿನ ಎಲ್ಲಿದ್ರಿ? ಸುಮ್ನೆ ನನ್ನ ಮುಖ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದದ್ದು 2020ರ ಮಾರ್ಚ್ 11ರಂದು. ಜಾಗತಿಕ ತುರ್ತು ಸ್ಥಿತಿ ಮುಗಿಯಿತು ಎಂದು ಹೇಳಿದ್ದು 2023ರ ಮೇ 5ರಂದು. ಈ ಎರಡನೇ ತಾರೀಕು ನೆನಪಿರುವ ಒಬ್ಬರೂ ನನಗೆ ಇನ್ನೂ ಸಿಕ್ಕಿಲ್ಲ. ಯುದ್ಧ ನಿಂತರೆ ಜನ ಬೀದಿಗೆ ಬಂದು ಕುಣಿಯುತ್ತಾರೆ. ನೆರೆ ಇಳಿದರೆ ನೆಲ ಕಾಣುತ್ತದೆ. ಇಲ್ಲಿ ಹಾಗೇನೂ ಆಗಲಿಲ್ಲ. ವೈರಸ್ ಎಲ್ಲಿಗೂ ಹೋಗಲಿಲ್ಲ. ಮಾಸ್ಕ್ ಮೂಗಿನಿಂದ ಗದ್ದಕ್ಕೆ ಇಳಿಯಿತು, ಗದ್ದದಿಂದ ಜೇಬಿಗೆ, ಜೇಬಿನಿಂದ ಡ್ರಾಯರಿಗೆ. ಕೆಲವರ ಡ್ರಾಯರಿನಲ್ಲಿ ಅದು ಇವತ್ತಿಗೂ ಇದೆ.

ನಿಮ್ಮ ತೊಂದರೆಯಲ್ಲಿ ದೊಡ್ಡ ಪಾಲು ಇದೇ ಎಂದು ನನ್ನ ಅಂದಾಜು. ಅಪಾಯ ಬಂತು ಎಂದು ನಿಮ್ಮ ಮೈಗೆ ಸಾವಿರ ಸಲ ಹೇಳಿದರು. ಹೋಯಿತು ಎಂದು ಯಾರೂ ಹೇಳಲಿಲ್ಲ.

ಕೆಮ್ಮಿನ ವಿಷಯ ನೋಡಿ. ಮೆದುಳಿನ ಒಳಭಾಗದಲ್ಲಿ ಅಮಿಗ್ಡಾಲಾ ಎಂಬ ಬಾದಾಮಿ ಗಾತ್ರದ ಜಾಗವಿದೆ. ಅಪಾಯದ ಗುರುತುಗಳನ್ನು ನೆನಪಿಟ್ಟುಕೊಳ್ಳುವುದು ಅದರ ಕೆಲಸಗಳಲ್ಲಿ ಒಂದು. ತಾರೀಕು, ಕ್ಯಾಲೆಂಡರ್ ಅದಕ್ಕೆ ಗೊತ್ತಿಲ್ಲ. 2020ಕ್ಕೆ ಮುಂಚೆ ಕೆಮ್ಮು ಬರೀ ಕೆಮ್ಮಾಗಿತ್ತು. ಆಮೇಲೆ ತಿಂಗಳುಗಟ್ಟಲೆ ಟಿವಿ ಪರದೆಯ ಕೆಳಗೆ ಸಾವಿನ ಸಂಖ್ಯೆ ಓಡಿತು. ಫೋನ್ ಮಾಡಿದರೂ ಎಚ್ಚರಿಕೆ, ಬಾಗಿಲು ತೆಗೆದರೂ ಎಚ್ಚರಿಕೆ. ನಿಮ್ಮ ವಿಷಯದಲ್ಲಿ ಅದು ಸುದ್ದಿಯಾಗಿಯೂ ಉಳಿಯಲಿಲ್ಲ. ಮನೆಯೊಳಗೇ ಬಂತು, ಅಪ್ಪನನ್ನು ಕರೆದುಕೊಂಡು ಹೋಯಿತು. ಇಷ್ಟಾದ ಮೇಲೂ ಕೆಮ್ಮು ಕೇಳಿ ಮೈ ಬೆಚ್ಚದಿದ್ದರೆ ಅದೇ ಆಶ್ಚರ್ಯ. ಇದರಲ್ಲಿ ವೀಕ್ ಆಗಿರುವುದು ಏನೂ ಇಲ್ಲ. ಪಾಠವನ್ನು ಚೆನ್ನಾಗಿ ಕಲಿತ ಮೈ ಇದು.

ಹಾಗಾದರೆ ಐದಾರು ವರ್ಷವಾದರೂ ಯಾಕೆ ಹೋಗಿಲ್ಲ? ಉತ್ತರ ನಿಮ್ಮ ನಲ್ಲಿಯ ಹತ್ತಿರ ಇದೆ. ಹೊರಗಿಂದ ಬರುತ್ತೀರಿ, ಏನೋ ಅಂಟಿಕೊಂಡಿದೆ ಅನ್ನಿಸುತ್ತದೆ. ಕೈ ತೊಳೆಯುತ್ತೀರಿ. ಸ್ವಲ್ಪ ಹಗುರವಾಗುತ್ತದೆ. ಎರಡು ನಿಮಿಷಕ್ಕೆ ಮತ್ತೆ ಅನುಮಾನ. ಮತ್ತೆ ತೊಳೆಯುತ್ತೀರಿ, ಮತ್ತೆ ಹಗುರ. ಪ್ರತಿ ಸಲ ಹಗುರವಾದಾಗಲೂ ಮನಸ್ಸು ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ: ತೊಳೆದದ್ದಕ್ಕೇ ಬಚಾವಾದೆ. ತೊಳೆಯದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಬರೆದುಕೊಳ್ಳಲು ನೀವು ಅದಕ್ಕೆ ಅವಕಾಶವನ್ನೇ ಕೊಟ್ಟಿಲ್ಲ. ಭಯವನ್ನು ಉಳಿಸುವುದು ಭಯವಲ್ಲ, ಅದರಿಂದ ತಪ್ಪಿಸಿಕೊಳ್ಳುವ ಆ ಸಣ್ಣ ಸಣ್ಣ ಸಮಾಧಾನಗಳು.

ಒಂದು ವಿಚಿತ್ರ ಹೇಳಲಾ? ಮೊದಲ ತಿಂಗಳುಗಳಲ್ಲಿ ನಾವೆಲ್ಲ ಪೊಟ್ಟಣ ಒರೆಸಿದೆವು, ಬಾಗಿಲ ಹಿಡಿ ಒರೆಸಿದೆವು, ಲಿಫ್ಟ್ ಬಟನ್ ಅನ್ನು ಮೊಣಕೈಯಿಂದ ಒತ್ತಿದೆವು. ನಾನೂ ಒತ್ತಿದ್ದೇನೆ. ಆಮೇಲೆ ಗೊತ್ತಾದದ್ದು ಏನೆಂದರೆ, ಈ ವೈರಸ್ ಮುಖ್ಯವಾಗಿ ಹರಡುವುದು ಉಸಿರಿನ ಗಾಳಿಯಿಂದ. ಮುಟ್ಟಿದ ವಸ್ತುವಿನಿಂದ ಬರುವ ಸಾಧ್ಯತೆ ತೀರಾ ಕಡಿಮೆ. ಅಂದರೆ ನೀವು ಇವತ್ತಿಗೂ ಮೂರು ಸಲ ತೊಳೆಯುತ್ತಿರುವುದು ಆಗಲೇ ಹಳತಾದ ಒಂದು ಸಲಹೆಯನ್ನು. ಕಾರಣ ಹೋದರೂ ಅಭ್ಯಾಸ ಹೋಗಲಿಲ್ಲ.

ಇದಕ್ಕೆ ದಾರಿ ಇದೆ, ಸ್ವಲ್ಪ ನಿಧಾನ. ಮೂರು ಸಲ ತೊಳೆಯುವುದನ್ನು ನಾಳೆಯಿಂದ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ನಿಮ್ಮಿಂದ ಆಗುವುದಿಲ್ಲ. ಮೂರನೇ ಸಲವನ್ನು ಹತ್ತು ನಿಮಿಷ ಮುಂದಕ್ಕೆ ಹಾಕಿ. ಆ ಹತ್ತು ನಿಮಿಷ ಗಡಿಯಾರ ಎದುರಿಟ್ಟುಕೊಂಡು ಕೂತು ಎಷ್ಟು ಕಸಿವಿಸಿ ಆಗುತ್ತಿದೆ ಎಂದು ಹತ್ತಕ್ಕೆ ಅಂಕ ಕೊಡಿ. ಎಂಟು ಬಂದೀತು. ಆಮೇಲೆ ಎಂಟೂವರೆ. ಮನಸ್ಸಿನಲ್ಲಿ ನನ್ನನ್ನು ಬಯ್ದುಕೊಳ್ಳಿ, ಪರವಾಗಿಲ್ಲ. ಎದ್ದು ಮಾತ್ರ ಹೋಗಬೇಡಿ. ಸಾಮಾನ್ಯವಾಗಿ ಅದು ತಾನಾಗಿಯೇ ಆರಕ್ಕೆ, ಐದಕ್ಕೆ ಇಳಿಯುತ್ತದೆ. ಮೊದಲ ದಿನ ಇಳಿಯದಿದ್ದರೂ ಏನೂ ಅನಾಹುತ ಆಗಲಿಲ್ಲ ಎನ್ನುವುದಂತೂ ಕಣ್ಣಿಗೆ ಕಾಣುತ್ತದೆ. ತೊಳೆಯದೆಯೂ ಇಳಿಯುತ್ತದೆ ಎನ್ನುವುದನ್ನು ಮೈ ತಾನೇ ನೋಡಬೇಕು. ಬಾಯಿಮಾತಿನಲ್ಲಿ ಹೇಳಿದರೆ ಅದು ನಂಬುವುದಿಲ್ಲ. ಹತ್ತು ನಿಮಿಷ ಸಲೀಸಾದ ಮೇಲೆ ಅರ್ಧ ಗಂಟೆ. ಆಮೇಲೆ ಮೂರನೆಯದೇ ಬೇಡ. ಕೆಮ್ಮಿಗೂ ಇದೇ ಲೆಕ್ಕ. ಪಕ್ಕದವರು ಕೆಮ್ಮಿದಾಗ ಎದ್ದು ಹೋಗುವ ಬದಲು ಇನ್ನು ಐದು ನಿಮಿಷ ಅಲ್ಲೇ ಕೂತಿರಿ.

ಹಾಗಂತ ಕಲಿತದ್ದನ್ನೆಲ್ಲ ಬಿಸಾಡಬೇಕಿಲ್ಲ. ಹೊರಗಿಂದ ಬಂದು ಒಂದು ಸಲ ಸೋಪು ಹಾಕಿ ಕೈ ತೊಳೆಯುವುದು ಒಳ್ಳೆಯದೇ. ತನಗೆ ಜ್ವರ ಇದ್ದಾಗ ಮಾಸ್ಕ್ ಹಾಕುವುದು ಭಯವಲ್ಲ, ಮರ್ಯಾದೆ. ಆದರೆ ತೊಳೆಯುವುದು, ಒರೆಸುವುದು, ಪರೀಕ್ಷಿಸುವುದು ಎಲ್ಲಾ ಸೇರಿ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ತಿನ್ನುತ್ತಿದ್ದರೆ, ಅಥವಾ ಕೈ ಚರ್ಮ ಬಿರಿಯುತ್ತಿದ್ದರೆ, ಅದು ಒಸಿಡಿ ಎನ್ನುವ, ಬೇಡವೆಂದರೂ ಅದೇ ಯೋಚನೆ ಬರಿಸಿ ಅದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕಾಯಿಲೆ ಇರಬಹುದು. ಆಗ ಮೇಲೆ ಹೇಳಿದ್ದನ್ನು ಒಬ್ಬರೇ ಮಾಡಬೇಡಿ, ಚಿಕಿತ್ಸಕರ ಜೊತೆ ಮಾಡಿ.

ಇದು ಕಾಯಿಲೆಯಾ ಎಂದು ಕೇಳಿದ್ದೀರಲ್ಲ, ಒಂದೆರಡು ಅಂಕಿ ಹೇಳಿ ಮುಂದೆ ಹೋಗುತ್ತೇನೆ. 2022ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಲೆಕ್ಕದ ಪ್ರಕಾರ ಕೋವಿಡ್‌ನ ಮೊದಲ ವರ್ಷದಲ್ಲಿ ಜಗತ್ತಿನಲ್ಲಿ ಆತಂಕ ಮತ್ತು ಖಿನ್ನತೆ ಸುಮಾರು 25% ಹೆಚ್ಚಾದವು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2021ರಲ್ಲಿ ಬಂದ ಅಂದಾಜು 2020ರ ಒಂದೇ ವರ್ಷಕ್ಕೆ ಹೆಚ್ಚುವರಿಯಾಗಿ 5.3 ಕೋಟಿ ಖಿನ್ನತೆ ಪ್ರಕರಣ, 7.6 ಕೋಟಿ ಆತಂಕದ ಪ್ರಕರಣ ಎಂದಿತು. ಹೆಂಗಸರಿಗೆ, ಯುವಜನರಿಗೆ ಪೆಟ್ಟು ಜಾಸ್ತಿ ಬಿತ್ತು. ಶಾಲೆ ಮನೆಗೆ ಬಂತು, ಆಫೀಸ್ ಮನೆಗೆ ಬಂತು, ರೋಗಿ ಮನೆಗೆ ಬಂದ. ಮೂರನ್ನೂ ನೋಡಿಕೊಂಡವರು ಯಾರು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಕಡೆಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಸುದ್ದಿಯಾಗುವುದಿಲ್ಲ. ಆತ್ಮಹತ್ಯೆಗಳ ಮಹಾಪೂರವೇ ಬರುತ್ತದೆ ಎಂದು ಆಗ ಎಷ್ಟೋ ಜನ ಹೆದರಿಸಿದರು. 21 ದೇಶಗಳ ಲೆಕ್ಕ ಹಾಕಿ ನೋಡಿದಾಗ ಮೊದಲ ಕೆಲವು ತಿಂಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಆಮೇಲೆ ಕೆಲವು ಕಡೆ ಚಿತ್ರ ಬದಲಾಯಿತು, ನಿಜ. ಆದರೂ ಬಹಳಷ್ಟು ಜನ ಒದ್ದಾಡಿಕೊಂಡೇ ನಿಭಾಯಿಸಿದರು. ನೀವೂ ನಿಭಾಯಿಸಿದ್ದೀರಿ. ಕೆಲಸ ಬಿಟ್ಟಿಲ್ಲ, ಮನೆ ನಡೆಸುತ್ತಿದ್ದೀರಿ, ಕೂತು ಇಷ್ಟುದ್ದದ ಪತ್ರ ಬರೆದಿದ್ದೀರಿ.

ಈಗ ನಿಮ್ಮ ಆಸಕ್ತಿಯಿಲ್ಲದ ದಿನಗಳ ವಿಷಯ. ಯಾವುದರಲ್ಲೂ ಆಸಕ್ತಿಯಿಲ್ಲ, ಅಳುವಷ್ಟು ದುಃಖವೂ ಇಲ್ಲ ಎಂದಿದ್ದೀರಿ. ಕೋರಿ ಕೀಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 2002ರಲ್ಲೇ ಇಂಥ ನಡುವಿನ ಸ್ಥಿತಿಯ ಬಗ್ಗೆ ಬರೆದಿದ್ದರು. ಖಿನ್ನತೆ ಅಲ್ಲ, ನೆಮ್ಮದಿಯೂ ಅಲ್ಲ. ಬಾಡಿದ ಗಿಡದ ಹಾಗೆ. ಸತ್ತಿಲ್ಲ, ಚಿಗುರುತ್ತಲೂ ಇಲ್ಲ. ಕೋವಿಡ್ ಕಾಲದಲ್ಲಿ ಆ ಮಾತಿಗೆ ಇದ್ದಕ್ಕಿದ್ದಂತೆ ಜನ ಸಿಕ್ಕರು. ಹೌದು, ನನಗಾಗ್ತಿರೋದು ಇದೇ ಎಂದರು.

ಇದು ಎಲ್ಲಿಂದ ಬರುತ್ತದೆ? ನನ್ನ ಅನುಭವವನ್ನೇ ಹೇಳುತ್ತೇನೆ. 2020ರಲ್ಲಿ ಕೆಲವು ತಿಂಗಳು ನಾನು ಮಲಗುವ ಕೋಣೆಯಿಂದಲೇ ರೋಗಿಗಳ ಜೊತೆ ಮಾತಾಡಿದೆ. ಮಂಚದ ಅಂಚಿನಲ್ಲಿ ಕೂತು, ಎದುರಿನ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು. ಆ ಕಡೆ ಒಬ್ಬರು ಬಿಕ್ಕಿ ಬಿಕ್ಕಿ ಅಳುತ್ತಾರೆ. ಕಾಲ್ ಮುಗಿಯುತ್ತದೆ. ಲ್ಯಾಪ್‌ಟಾಪ್ ಮುಚ್ಚಿದರೆ ಅದೇ ಮಂಚ, ಅದೇ ದಿಂಬು. ರಾತ್ರಿ ಅದರ ಮೇಲೇ ಮಲಗಬೇಕು. ಮೊದಲೆಲ್ಲ ಕ್ಲಿನಿಕ್ಕಿನಿಂದ ಮನೆಗೆ ಬರುವಾಗ ಟ್ರಾಫಿಕ್ಕಿಗೆ ಶಾಪ ಹಾಕುತ್ತಿದ್ದೆ. ಆ ನಲವತ್ತು ನಿಮಿಷದಲ್ಲಿ ಡಾಕ್ಟರ್ ಇಳಿದು ಮನೆಯವನು ಹತ್ತುತ್ತಿದ್ದ ಎನ್ನುವುದು ಆಗ ಗೊತ್ತಾಯಿತು. ಮೂರನೇ ವಾರಕ್ಕೆ ನನಗೇ ನಿದ್ದೆ ಕೆಟ್ಟಿತು. ಕೊನೆಗೆ ಏನು ಮಾಡಿದೆ ಗೊತ್ತಾ? ಸಂಜೆ ಲ್ಯಾಪ್‌ಟಾಪ್ ಮುಚ್ಚಿ, ಚಪ್ಪಲಿ ಹಾಕಿಕೊಂಡು, ಮನೆಯೊಳಗೇ ಬಾಲ್ಕನಿಯಿಂದ ಮುಂಬಾಗಿಲಿಗೆ ಹತ್ತು ನಿಮಿಷ ಓಡಾಡಿ, ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು 'ಮನೆಗೆ ಬಂದೆ' ಎನ್ನುತ್ತಿದ್ದೆ. ಮನೆಯವರು ನಕ್ಕರು. ನಿದ್ದೆ ಮಾತ್ರ ಬಂತು.

ಹೊರಗಿನ ಜೀವನ ನಮಗೆ ಕೊಡುತ್ತಿದ್ದದ್ದು ಇಂಥ ಹೊಸ್ತಿಲುಗಳನ್ನು. ಇಲ್ಲಿ ಕೆಲಸ ಮುಗಿಯಿತು, ಇಲ್ಲಿ ಮನೆ ಶುರುವಾಯಿತು ಎನ್ನುವ ಗೆರೆಗಳು. ನೆನಪಿಗೂ ಅವು ಬೇಕು. ಒಂದೇ ಕುರ್ಚಿ, ಒಂದೇ ಗೋಡೆ, ಒಂದೇ ಪರದೆ ಆದರೆ ಸೋಮವಾರಕ್ಕೂ ಗುರುವಾರಕ್ಕೂ ವ್ಯತ್ಯಾಸ ಹಿಡಿಯಲು ಮನಸ್ಸಿಗೆ ಏನೂ ಸಿಗುವುದಿಲ್ಲ. ಆಗ ದಿನ ಮುಗಿಯುವುದೇ ಇಲ್ಲ, ವರ್ಷ ಮಾತ್ರ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೋಗಿರುತ್ತದೆ. 2020, 2021 ಎರಡನ್ನೂ ಜನ ಒಂದೇ ಗಂಟು ಎಂಬ ಹಾಗೆ ನೆನೆಸಿಕೊಳ್ಳುವುದು ಇದಕ್ಕೇ.

ಇನ್ನೊಂದು ನಷ್ಟ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹೆಂಡತಿ ಮಕ್ಕಳು, ಆಪ್ತ ಸ್ನೇಹಿತರು ಹೇಗೋ ಉಳಿದರು, ಫೋನಿನಲ್ಲಾದರೂ ಸಿಕ್ಕರು. ಹೋದವರು ಬೇರೆ. ಮೆಟ್ಟಿಲ ಹತ್ತಿರ ತಲೆಯಾಡಿಸುತ್ತಿದ್ದವರು. ಹೆಸರು ಗೊತ್ತಿಲ್ಲದೆಯೂ ನಾಲ್ಕು ವರ್ಷದಿಂದ ನಕ್ಕು ಪರಿಚಯವಾಗಿದ್ದವರು. ಬೇರೆ ವಿಭಾಗದ, ಸುಮ್ನೆ ಹರಟುವ ಸಹೋದ್ಯೋಗಿ. ಇಂಥ ತೆಳು ಸಂಬಂಧಗಳಿಗೂ ಬಲವಿದೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದರು. ಹೊಸ ಸುದ್ದಿ, ಹೊಸ ಅವಕಾಶ ಬರುವುದು ಹೆಚ್ಚಾಗಿ ಅವರ ಕಡೆಯಿಂದಲೇ ಎಂದು ಅವರ ವಾದ. ನಾನು ಇನ್ನೊಂದು ಸೇರಿಸುತ್ತೇನೆ. ಮನೆಯವರ ಎದುರು ನಾವು ಯಾವಾಗಲೂ ಹಳೇ ನಾವೇ. ಅಷ್ಟಾಗಿ ಗೊತ್ತಿಲ್ಲದವರ ಎದುರು ಸ್ವಲ್ಪ ನಗಬೇಕು, ಬಟ್ಟೆ ಸರಿಮಾಡಿಕೊಳ್ಳಬೇಕು, ಚೆನ್ನಾಗಿದ್ದೀನಿ ಎನ್ನಬೇಕು. ಹೀಗೆ ದಿನಕ್ಕೆ ಹತ್ತು ಸಲ ಎಂದರೆ ನಿಜವಾಗಿ ಸ್ವಲ್ಪ ಚೆನ್ನಾಗಿಯೂ ಇರುತ್ತೇವೆ. ಆ ಹತ್ತು ಸಲ ನಿಮಗೆ ಇಷ್ಟು ವರ್ಷದಿಂದ ಸಿಕ್ಕಿಲ್ಲ.

ಹಾಗಾಗಿ ಮನೆಯಿಂದಲೇ ಕೆಲಸ ಮಾಡುವುದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಜನಕ್ಕೆ ಅದೇ ಅನುಕೂಲ. ಆದರೆ ವಾರಕ್ಕೆ ಎರಡು ದಿನವಾದರೂ ಕೆಲಸದ ಕುರ್ಚಿ ಮನೆಯ ಹೊರಗಿರಲಿ. ಆಫೀಸ್ ಕರೆಯದಿದ್ದರೆ ಯಾವುದಾದರೂ ಲೈಬ್ರರಿ ಆದೀತು. ಮನೆಯಲ್ಲಿ ಕೆಲಸ ಮಾಡುವ ದಿನ ಬೆಳಿಗ್ಗೆ ಒಂದು ಸುತ್ತು ನಡೆದು ಬಂದು 'ಆಫೀಸಿಗೆ' ಸೇರಿಕೊಳ್ಳಿ, ಸಂಜೆ ಇನ್ನೊಂದು ಸುತ್ತು ನಡೆದು 'ಮನೆಗೆ' ಬನ್ನಿ. ಆಸಕ್ತಿ ಬಂದ ಮೇಲೆ ಹೊರಗೆ ಹೋಗುತ್ತೇನೆ ಎಂದು ಕಾಯಬೇಡಿ. ಇದು ಉಲ್ಟಾ ಕೆಲಸ ಮಾಡುತ್ತದೆ. ಕಾಲು ಮೊದಲು ಹೋಗಬೇಕು, ಮನಸ್ಸು ಹಿಂದಿನಿಂದ ಬರುತ್ತದೆ.

ಪದ ಮರೆಯುವ ವಿಷಯವನ್ನು ಮಾತ್ರ ಮನಸ್ಸಿನ ಖಾತೆಗೆ ಹಾಕಿ ಸುಮ್ಮನಾಗಬೇಡಿ. ಕೋವಿಡ್ ಬಂದು ಹೋದ ಕೆಲವರಲ್ಲಿ ಸುಸ್ತು, ಮಂಕು, ಏಕಾಗ್ರತೆ ಇಲ್ಲದಿರುವುದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ದೀರ್ಘ ಕೋವಿಡ್ ಎಂದು ಕರೆಯುವುದು ಇದನ್ನೇ. ಥೈರಾಯ್ಡ್, ಬಿ12 ಕೊರತೆ, ನಿದ್ದೆಯ ತೊಂದರೆ ಕೂಡ ಹೀಗೇ ಮಾಡಬಹುದು. ಖಿನ್ನತೆಯೂ ಮಾಡಬಹುದು. ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿ. ಇದಕ್ಕಿಂತ ಜಾಸ್ತಿ ಪತ್ರದಲ್ಲಿ ಹೇಳಲಾಗದು.

ಮಗಳ ಬಗ್ಗೆ. ನೀವು ಅವಳಿಗೆ ಕೊಟ್ಟಿರುವುದು ಒಂದೇ ಸಾಲು, ಆದರೆ ಆ ಸಾಲಿನಲ್ಲಿ ದೂರು ಇದೆ. ಸ್ವಲ್ಪ ಲೆಕ್ಕ ಹಾಕೋಣ. 2020ರ ಏಪ್ರಿಲ್ ಹೊತ್ತಿಗೆ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ಶಾಲೆ, ಕಾಲೇಜಿನಿಂದ ಹೊರಗಿದ್ದರು ಎಂದು ಯುನೆಸ್ಕೊ ಲೆಕ್ಕ. ಅವಳು ಅವರಲ್ಲಿ ಒಬ್ಬಳು. ಹತ್ತರಿಂದ ಹದಿಮೂರರವರೆಗಿನ ವಯಸ್ಸು ಎಂದರೆ ಮಕ್ಕಳು ಅಪ್ಪ ಅಮ್ಮನ ಕೈ ಬಿಡಿಸಿಕೊಂಡು ಗೆಳತಿಯರ ಗುಂಪಿಗೆ ಹೋಗುವ ಕಾಲ. ಜಗಳವಾಡುವುದು, ಟೂ ಬಿಡುವುದು, ಮೂರನೇ ದಿನಕ್ಕೆ ರಾಜಿಯಾಗುವುದು, ಮುಖ ನೋಡಿ ಮನಸ್ಸು ಓದುವುದು ಎಲ್ಲಾ ಕಲಿಯುವುದು ಆಗಲೇ. ಅದಕ್ಕೆ ಪಠ್ಯಪುಸ್ತಕ ಇಲ್ಲ, ಶಾಲೆಯ ಕಾರಿಡಾರ್ ಇದೆ. ಅವಳಿಗೆ ಆ ವಯಸ್ಸಿನಲ್ಲಿ ಸಿಕ್ಕಿದ್ದು ಕ್ಯಾಮೆರಾ ಆಫ್ ಮಾಡಿದ ನಲವತ್ತು ಕಪ್ಪು ಚೌಕಗಳು. ಜೊತೆಗೆ ತಾತ ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ. ಅಪ್ಪ ಆವತ್ತಿನಿಂದ ನಲ್ಲಿಯ ಹತ್ತಿರ ನಿಂತಿರುತ್ತಾರೆ. ಅವಳು ಕಂಡಿರುವುದು ಇಷ್ಟು.

ಬಾಗಿಲು ಹಾಕಿಕೊಳ್ಳುವುದು ಹದಿನಾರರ ಹತ್ತಿರದ ವಯಸ್ಸಿಗೆ ಸಹಜವೂ ಹೌದು. ಅಷ್ಟಕ್ಕೇ ಗಾಬರಿ ಬೇಡ. ನಿದ್ದೆ ಪೂರ್ತಿ ತಲೆಕೆಳಗಾಗಿದ್ದರೆ, ಇದ್ದ ಒಬ್ಬಿಬ್ಬರು ಗೆಳತಿಯರನ್ನೂ ಬಿಟ್ಟಿದ್ದರೆ, ಶಾಲೆ ತಪ್ಪಿಸಲು ನೆಪ ಹುಡುಕುತ್ತಿದ್ದರೆ, ಮೈಮೇಲೆ ಗಾಯ ಕಂಡರೆ, ಬದುಕಿ ಏನು ಪ್ರಯೋಜನ ಎನ್ನುವಂಥ ಮಾತು ಬಂದರೆ ಆಗ ತಡ ಮಾಡಬಾರದು, ತಜ್ಞರಿಗೆ ತೋರಿಸಲೇಬೇಕು. ಅದ್ಯಾವುದೂ ಇಲ್ಲದಿದ್ದರೆ ಕೆಲಸ ನಿಮ್ಮದು. ಎದುರು ಕೂರಿಸಿಕೊಂಡು 'ಏನಾಗಿದೆ ಹೇಳು' ಎನ್ನಬೇಡಿ. ಅದು ವಿಚಾರಣೆ. ಪಕ್ಕದಲ್ಲಿ ಇರಿ. ಒಟ್ಟಿಗೆ ಎಲ್ಲಿಗಾದರೂ ನಡೆಯುವಾಗ, ಕಪಾಟು ಜೋಡಿಸುವಾಗ, ಇಬ್ಬರ ಕಣ್ಣೂ ಬೇರೆ ಕಡೆ ಇದ್ದಾಗ ಮಕ್ಕಳು ಬಾಯಿ ಬಿಡುತ್ತಾರೆ. ಇನ್ನೂ ಒಂದು ದಾರಿ ಇದೆ. ಮೊದಲು ನೀವು ಹೇಳಿ. 'ತಾತನ ಆ ವೀಡಿಯೊ ಕಾಲ್ ನನಗೆ ಇನ್ನೂ ನೆನಪಾಗುತ್ತೆ, ನಿನಗೆ?' ಎಂದು ಕೇಳಿ. ಅವಳೂ ಅದಕ್ಕೇ ಕಾಯುತ್ತಿರಬಹುದು. ದೊಡ್ಡವರು ಬಾಯಿ ಬಿಡದ ವಿಷಯ ಎತ್ತಬಾರದು ಎಂದು ಮಕ್ಕಳು ಬಹಳ ಬೇಗ ಕಲಿಯುತ್ತಾರೆ.

ಇನ್ನು ಅಪ್ಪನ ವಿಷಯ. 'ಮೊದಲು ಜ್ವರ ಬಂದದ್ದು ನನಗೆ. ಆಮೇಲೆ ಅವರಿಗೆ.' ಈ ಎರಡು ವಾಕ್ಯವನ್ನು ನಾನು ಮೂರು ಸಲ ಓದಿದೆ. ಅದರ ಬಗ್ಗೆ ನೀವು ಪ್ರಶ್ನೆ ಕೇಳಿಲ್ಲ. ಆದರೆ ಉಳಿದ ಪ್ರಶ್ನೆಗಳೆಲ್ಲ ಅದರ ಸುತ್ತಲೇ ತಿರುಗುತ್ತಿವೆ. ಮೂರು ಸಲ ತೊಳೆಯುವ ಕೈ ಕೂಡ.

ನಿಮ್ಮಿಂದ ಬಂದಿಲ್ಲ ಬಿಡಿ ಎಂದು ಹೇಳುವುದು ಸುಲಭ. ಎಲ್ಲರೂ ಹಾಗೇ ಹೇಳಿರುತ್ತಾರೆ, ನೀವು ನಂಬಿರುವುದಿಲ್ಲ. ಹಾಗಾಗಿ ನಿಜ ಹೇಳುತ್ತೇನೆ. ನಿಮ್ಮಿಂದ ಬಂದಿರಲೂಬಹುದು, ಬರದೆಯೂ ಇರಬಹುದು. ಸೋಂಕು ತಗುಲಿದ ಎಷ್ಟು ದಿನಕ್ಕೆ ಜ್ವರ ಬರುತ್ತದೆ ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಎರಡೇ ದಿನಕ್ಕೆ ಬರಬಹುದು, ಹದಿನಾಲ್ಕು ದಿನವೂ ಆಗಬಹುದು. ಕೆಲವರಿಗೆ ಏನೂ ಆಗುವುದೇ ಇಲ್ಲ, ಆದರೂ ಹರಡುತ್ತಾರೆ. ಜ್ವರ ಬಂದ ಸರದಿಯೇ ಸೋಂಕು ತಗುಲಿದ ಸರದಿ ಆಗಿರಬೇಕಿಲ್ಲ. ಅಪ್ಪನಿಂದಲೇ ನಿಮಗೆ ಬಂದಿರಬಹುದು. ಇಬ್ಬರಿಗೂ ಮೂರನೆಯವರಿಂದ ಬಂದಿರಬಹುದು. ಆ ಮನೆಯಲ್ಲಿ ಆ ವಾರ ಏನು ನಡೆಯಿತು ಎನ್ನುವುದನ್ನು ಇನ್ನು ಯಾವ ಪರೀಕ್ಷೆಯೂ ಹೇಳುವುದಿಲ್ಲ.

ಸರಿ, ನಿಮ್ಮಿಂದಲೇ ಬಂತು ಎಂದೇ ಇಟ್ಟುಕೊಳ್ಳೋಣ. ಆಗಲೂ ಕಾರಣ ಬೇರೆ, ತಪ್ಪು ಬೇರೆ. ಈ ವೈರಸ್ ಜ್ವರ ಬರುವುದಕ್ಕೆ ಒಂದೆರಡು ದಿನ ಮುಂಚೆಯೇ ಹರಡಲು ಶುರು ಮಾಡುತ್ತಿತ್ತು. ಅಂದರೆ ನಿಮಗೇ ಗೊತ್ತಿಲ್ಲದ ಹೊತ್ತಿನಲ್ಲಿ. ಇವತ್ತು ನಿಮಗೆ ಗೊತ್ತಿರುವುದನ್ನು ಇಟ್ಟುಕೊಂಡು ಆವತ್ತಿನ ನಿಮ್ಮನ್ನು ಕಟಕಟೆಗೆ ನಿಲ್ಲಿಸಿದ್ದೀರಿ. ಆವತ್ತಿನ ಮನುಷ್ಯ ಮಾಡಿದ್ದೇನು? ಅಪ್ಪನ ಜೊತೆ ಒಂದೇ ಮನೆಯಲ್ಲಿದ್ದ. ಅಷ್ಟೇ ತಾನೇ? ಅಪ್ಪನಿಗೆ ಒಂದು ಸಲ ಮಾತಾಡುವ ಅವಕಾಶ ಇದ್ದಿದ್ದರೆ ಇದಕ್ಕೆ ಏನು ಹೇಳುತ್ತಿದ್ದರು ಎಂದು ಬರೆಯಿರಿ. ಮನಸ್ಸಿನಲ್ಲಿ ಬೇಡ, ಕಾಗದದ ಮೇಲೆ, ಅವರ ಮಾತಿನ ಧಾಟಿಯಲ್ಲೇ. ಬಯ್ಯುತ್ತಿದ್ದರೆ ಬಯ್ಗುಳವನ್ನೂ ಬರೆಯಿರಿ.

ಪಾಲಿನ್ ಬಾಸ್ ಎಂಬ ಅಮೆರಿಕದ ಮನೋಚಿಕಿತ್ಸಕಿ 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಕುಟುಂಬಗಳ ಜೊತೆ ಕೆಲಸ ಮಾಡಿದರು. ದೇಹ ಸಿಗದ, ವಿದಾಯ ಹೇಳಲಾಗದ ಸಾವುಗಳಲ್ಲಿ ದುಃಖ ಮುಂದಕ್ಕೆ ಹೋಗದೆ ಅಲ್ಲೇ ಹೆಪ್ಪುಗಟ್ಟುತ್ತದೆ ಎನ್ನುವುದನ್ನು ಅವರು ಕಂಡರು. ಅದಕ್ಕೆ ಅಸ್ಪಷ್ಟ ನಷ್ಟ ಎಂದರು. ನಿಮಗೆ ಅಪ್ಪ ತೀರಿಕೊಂಡದ್ದು ಗೊತ್ತಿದೆ. ಆದರೆ ಕಣ್ಣು ನೋಡಿಲ್ಲ, ಕೈ ಮುಟ್ಟಿಲ್ಲ. ಕಾಲ್ ಅರ್ಧಕ್ಕೆ ಕಟ್ ಆಗಿದೆ. ಆ ಕಾಲ್ ನಿಮ್ಮ ಮಟ್ಟಿಗೆ ಇನ್ನೂ ಮುಗಿದಿಲ್ಲ. ನನಗೆ ಕಾಣುವ ಹಾಗೆ, ಫೋನ್ ಚಾರ್ಜಿಗೆ ಹಾಕುವುದು ಅದಕ್ಕೇ.

ಮುಗಿಸದೇ ಉಳಿದದ್ದನ್ನು ತಡವಾಗಿ ಮುಗಿಸಬಹುದು. ಅದಕ್ಕೆ ಗಡುವು ಇಲ್ಲ. ಮನೆಯವರನ್ನು, ಅಪ್ಪನನ್ನು ಬಲ್ಲ ನಾಲ್ಕು ಜನರನ್ನು ಒಂದು ದಿನ ಕರೆಯಿರಿ. ಆವತ್ತು ಏನೇನಾಯಿತು ಎನ್ನುವುದನ್ನು ಪ್ರತಿಯೊಬ್ಬರೂ ತಮ್ಮ ಕಡೆಯಿಂದ ಹೇಳಲಿ. ಆ ವಾರ ನೀವೆಲ್ಲ ಬೇರೆ ಬೇರೆ ಕೋಣೆಯಲ್ಲಿದ್ದಿರಿ. ಒಬ್ಬೊಬ್ಬರ ಹತ್ತಿರವೂ ಕಥೆಯ ಒಂದೊಂದು ತುಂಡಿದೆ, ಪೂರ್ತಿ ಯಾರ ಹತ್ತಿರವೂ ಇಲ್ಲ. ತುಂಡುಗಳನ್ನು ಒಂದು ಕಡೆ ತಂದಾಗ ಮೊದಲ ಸಲ ಅಳು ಬರಬಹುದು. ಬರಲಿ. ಮಗಳನ್ನೂ ಕೂರಿಸಿಕೊಳ್ಳಿ.

ಇಷ್ಟಾದ ಮೇಲೂ ದಿನದ ಹೆಚ್ಚು ಹೊತ್ತು ಅವರದೇ ಹಂಬಲ, ತಪ್ಪಿತಸ್ಥ ಭಾವ ಇದ್ದು, ಬದುಕಿಗೆ ಅರ್ಥವೇ ಇಲ್ಲ ಅನ್ನಿಸುತ್ತಿದ್ದರೆ ಅದಕ್ಕೆ ದೀರ್ಘಕಾಲದ ಶೋಕದ ಕಾಯಿಲೆ ಎಂಬ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅದು 2022ರಿಂದ ಜಾರಿಯಲ್ಲಿದೆ. ಸಾವಾಗಿ ಆರು ತಿಂಗಳು ದಾಟಿದ್ದರೆ ಅವರು ಆ ಹೆಸರು ಕೊಡಬಹುದು ಎನ್ನುತ್ತಾರೆ, ಅಮೆರಿಕದ ಮನೋವೈದ್ಯರ ಸಂಘ ದೊಡ್ಡವರ ವಿಷಯದಲ್ಲಿ ಒಂದು ವರ್ಷ ಎನ್ನುತ್ತದೆ. ಹೆಸರಿಗಿಂತ ಮುಖ್ಯ, ಇದಕ್ಕೆಂದೇ ಮಾತಿನ ಚಿಕಿತ್ಸೆ ಇದೆ, ಅದು ಕೆಲಸವನ್ನೂ ಮಾಡುತ್ತದೆ. ನಿಮ್ಮ ಪತ್ರ ಓದಿದರೆ ಒಮ್ಮೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣುವುದು ಒಳ್ಳೆಯದು ಅನ್ನಿಸುತ್ತದೆ. ಸಾಯಬೇಕು ಎನ್ನುವ ಯೋಚನೆ ಯಾವತ್ತಾದರೂ ಸುಳಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಅದೇ ಹೊತ್ತಿಗೆ ಹೆಂಡತಿಗೆ ಹೇಳಿ, ನಿಮ್ಮಲ್ಲಿನ ಸಹಾಯವಾಣಿಗೆ ಕರೆ ಮಾಡಿ.

ಕಾಯಿಲೆಯಾ, ವೀಕಾ ಎಂದು ಕೇಳಿದ್ದಿರಿ. ಎರಡನೆಯದಂತೂ ಅಲ್ಲ. ಮೊದಲನೆಯದು ಸ್ವಲ್ಪ ಇರಬಹುದು, ಎದುರು ಕೂತು ಮಾತಾಡದೆ ಎಷ್ಟು ಎಂದು ಹೇಳಲಾರೆ.

ಆ ಫೋನ್. ಬಿಡಬೇಡಿ, ಸದ್ಯಕ್ಕಂತೂ ಬೇಡ. ಅದನ್ನು ಚಾರ್ಜಿಗೆ ಹಾಕುವುದರಿಂದ ಯಾರಿಗೂ ನಷ್ಟವಿಲ್ಲ, ನಿಮ್ಮ ಹೆಂಡತಿಗೂ ಹಾಗೆಂದು ಹೇಳಿ. ಬಿಡುವ ದಿನ ಬಂದರೆ ನಿಮಗೇ ಗೊತ್ತಾಗುತ್ತದೆ. ಒಂದು ರಾತ್ರಿ ಮರೆತಿರುತ್ತೀರಿ, ಬೆಳಿಗ್ಗೆ ನೆನಪಾಗುತ್ತದೆ. ಆವತ್ತು ನಿಮ್ಮನ್ನು ನೀವು ಬಯ್ದುಕೊಳ್ಳಬೇಡಿ. ಅದಕ್ಕೆ ಮುಂಚೆ ಒಂದು ಕೆಲಸ, ಈ ವಾರವೇ. ಅಷ್ಟು ಹಳೆಯ ಫೋನಿನ ಬ್ಯಾಟರಿ ಉಬ್ಬಿಕೊಳ್ಳುವ ಸಾಧ್ಯತೆ ಇದೆ. ದಿಂಬಿನ ಹತ್ತಿರ ಇಟ್ಟು ಚಾರ್ಜ್ ಮಾಡಬೇಡಿ. ಹಿಂಬದಿಯ ಕವಚ ಮೇಲೆದ್ದಿದೆಯಾ ನೋಡಿ, ಎದ್ದಿದ್ದರೆ ಚಾರ್ಜ್ ಮಾಡುವುದನ್ನು ನಿಲ್ಲಿಸಿ ರಿಪೇರಿಯವರಿಂದ ಬ್ಯಾಟರಿ ಬದಲಾಯಿಸಿಕೊಳ್ಳಿ. ಅದರಲ್ಲಿರುವ ಫೋಟೊ, ಅವರ ದನಿಯ ಮೆಸೇಜ್ ಎಲ್ಲವನ್ನೂ ಇನ್ನೊಂದು ಕಡೆ ಕಾಪಿ ಮಾಡಿಟ್ಟುಕೊಳ್ಳಿ. ನಿಮಗೆ ಬರದಿದ್ದರೆ ಮಗಳನ್ನು ಕರೆಯಿರಿ. ಅವಳಿಗೆ ಗೊತ್ತಿರುತ್ತದೆ.